ಅಟ್ಟದ ಮೇಲಿನ ನಾಡು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ‘ಕಲ್ಪತರು ನಾಡು’ ಎಂಬ ಹೆಸರು ಎಷ್ಟು ಸಲೀಸಾಗಿ ಅಂಟಿಕೊಂಡಿದೆಯೆಂದರೆ, ಆ ಹೆಸರಿನ ಹಿಂದಿರುವ ಬದುಕನ್ನು ಇಳಿದು ನೋಡುವ ಅಗತ್ಯವೇ ಪ್ರವಾಸಿಗಳಿಗೆ ಕಾಣದಂತಾಗಿದೆ. ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲಿನ ಕಿಟಕಿಯಲ್ಲಿ ತೆಂಗಿನ ತೋಟಗಳು ಸಾಲುಸಾಲಾಗಿ ಸರಿದುಹೋಗುತ್ತವೆ. ನೋಡಿದವರು ಹಸಿರನ್ನು ಮೆಚ್ಚಿಕೊಂಡು ಬೇಲೂರು, ಹಳೇಬೀಡುಗಳ ದಾರಿ ಹಿಡಿಯುತ್ತಾರೆ.

ಸ್ಪೇನ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ಪಿರೆನೀಸ್ ಪರ್ವತಗಳ ಪಡುವಣ ತುದಿಯಲ್ಲಿರುವ ಬಾಸ್ಕ್ ನಾಡಿನದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಜಗತ್ತಿನ ಯಾವ ನುಡಿಕುಟುಂಬಕ್ಕೂ ಸೇರದ ಎವುಸ್ಕಾರಾ ಎಂಬ ನುಡಿಯನ್ನಾಡುವ ಆ ಜನ ತಮ್ಮ ನೆಲವನ್ನು ‘ಎವುಸ್ಕಲ್ ಎರ್ರಿಯಾ’, ಅಂದರೆ ತಮ್ಮ ನುಡಿಯ ನಾಡು, ಎಂದೇ ಕರೆದುಕೊಳ್ಳುತ್ತಾರೆ. ಆದರೆ ಹೊರಗಿನಿಂದ ಹೋದ ಅನೇಕರು 1997ರಲ್ಲಿ ಬಿಲ್ಬಾವೊ ನಗರದಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯವನ್ನು ಕಂಡು ಮರಳುತ್ತಾರೆ. ಆ ನಾಡಿನ ಒಳಬಾಳು ಇರುವುದು ‘ಬಸೆರ್ರಿ’ ಎಂಬ ಒಕ್ಕಲುಮನೆಯಲ್ಲಿ. ಅಲ್ಲಿ ಜನವೂ ದನವೂ ಒಂದೇ ಸೂರಿನಡಿ ಬಾಳಿ, ಹುಲ್ಲು ಮತ್ತು ಫಸಲನ್ನು ಮೇಲಿನ ಅಟ್ಟಕ್ಕೆ ಏರಿಸಿಡುವುದು ವಾಡಿಕೆಯಾಗಿತ್ತು. ಈ ಹೋಲಿಕೆ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ತಿಪಟೂರು ಸೀಮೆಯನ್ನು ಅರಿಯಬಯಸುವವರೂ ಏರಬೇಕಾದದ್ದು ಅಟ್ಟವನ್ನೇ.

ತೆಂಗೆಂದರೆ ಕರಾವಳಿ ನೆನಪಾಗುತ್ತದೆ. ಆದರೆ ಉಂಡೆ ಕೊಬ್ಬರಿಗೆ ಹೆಸರಾದದ್ದು ಮಳೆ ಕಡಿಮೆಯಿರುವ ಈ ಬಯಲುಸೀಮೆ. ಬಲಿತ ಕಾಯನ್ನು ಮಟ್ಟೆ ಸುಲಿಯದೆ, ಗಾಳಿಯಾಡುವಂತೆ ಸಂದು ಬಿಟ್ಟು ಮರದ ಪಟ್ಟಿ ಹಾಸಿದ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡಲಾಗುತ್ತದೆ. ಒಳಗಿನ ನೀರು ಮೆಲ್ಲಗೆ ಹಿಂಗಿ, ತಿರುಳು ಕರಟದ ಹಿಡಿತ ಬಿಟ್ಟು ಉಂಡೆಯಾಗಿ ಬೇರ್ಪಡುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಸದ್ದಾಗುತ್ತದೆ, ಆ ಸದ್ದೇ ಕೊಬ್ಬರಿ ಪಕ್ವವಾದುದರ ಗುರುತು. ಅನಂತರ ಮಟ್ಟೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಕರಟವನ್ನು ಸುತ್ತಲೂ ಒಡೆದು ಬಿಡಿಸುವ ಕೆಲಸಕ್ಕೆ ಬೇಕಾದ ಕೈಹದ ಯಾವ ಪುಸ್ತಕದಿಂದಲೂ ಬರುವಂಥದ್ದಲ್ಲ. ಎಣ್ಣೆ ತೆಗೆಯಲೆಂದು ಕಾಯಿ ಒಡೆದು ಬಿಸಿಲಿಗೆ ಹಾಕುವ ಕೊಬ್ಬರಿಗಿಂತ ಇದು ಬೇರೆ. ಉತ್ತರ ಭಾರತದಲ್ಲಿ ಪೂಜೆಗೂ ಸಿಹಿತಿನಿಸಿಗೂ ಒಣಹಣ್ಣಿನಂತೆ ಸಲ್ಲುವ ಈ ಉಂಡೆಯ ವ್ಯಾಪಾರದಿಂದಲೇ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದಲ್ಲಿ ಹೆಸರಾಗಿದೆ.

ಹೀಗಾಗಿ ಅಟ್ಟವೆಂಬುದು ಈ ಸೀಮೆಯಲ್ಲಿ ಬರಿಯ ಉಗ್ರಾಣವಲ್ಲ, ಮನೆಯ ಒಂದು ವರ್ಷದ ಉಳಿತಾಯವೂ ಹೌದು. ಮಗಳ ಮದುವೆ, ಮಕ್ಕಳ ಓದು, ಸಾಲದ ಕಂತು, ಎಲ್ಲದರ ಲೆಕ್ಕವೂ ತಲೆಯ ಮೇಲೆಯೇ ಒಣಗುತ್ತಿರುತ್ತದೆ. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಬೆಲೆ ಕುಸಿದಾಗ ಕಾದ ಆ ವರ್ಷವನ್ನು ಬೆಳೆಗಾರ ಹಿಂದಕ್ಕೆ ಪಡೆಯಲಾರನಾದ್ದರಿಂದ, ಇಲ್ಲಿನ ಬೆಲೆಯ ಹೋರಾಟಗಳನ್ನು ಕೇವಲ ವ್ಯಾಪಾರದ ಸುದ್ದಿಯೆಂದು ಓದುವುದು ಅನ್ಯಾಯ.

ತೆಂಗಿನ ಈ ಹೆಸರಿನ ಕೆಳಗೆ ಇನ್ನೂ ಹಳೆಯ ಪದರಗಳಿವೆ. ‘ತುರು’ ಎಂದರೆ ಹಳಗನ್ನಡದಲ್ಲಿ ಹಸು. ತುರುವೇಕೆರೆಯ ಹೆಸರಿನಲ್ಲೂ, ಅಮೃತಮಹಲ್ ತಳಿಯ ದನಗಳನ್ನು ಸಾಕಿಕೊಂಡು ಬಂದಿರುವ ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲೂ ಒಂದು ಗೋವಳರ ನಾಡಿನ ಜಾಡು ಉಳಿದಿದೆ. ನೊಣವಿನಕೆರೆಯ ಹೆಸರಿನಲ್ಲಿಯೂ, ಈ ಭಾಗದ ನೊಣಬ ಸಮುದಾಯದಲ್ಲಿಯೂ ನೊಳಂಬ ಅರಸರ ನೆನಪಿದೆ. ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯ 9ನೆಯ ಶತಮಾನದ್ದು. ಅಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯ ನಡುವೆ ನರ್ತಿಸುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಹೊಯ್ಸಳ ಶಿಲ್ಪಕ್ಕಿಂತ ಸುಮಾರು ಮೂರು ಶತಮಾನ ಮೊದಲೇ ಕಲ್ಲು ಇಷ್ಟು ಹಗುರಾಗಿ ಕುಣಿದಿರುವಾಗ, ಅದನ್ನು ಬೇಲೂರಿನ ದಾರಿಯಲ್ಲಿ ಸಿಕ್ಕ ಸಣ್ಣ ಗುಡಿಯೆಂದು ಎಣಿಸುವುದು ನಾಡಿನ ಕಲೆಯ ಇತಿಹಾಸವನ್ನೇ ತಲೆಕೆಳಗು ಮಾಡಿದಂತೆ. ಅರಳಗುಪ್ಪೆಯದೇ ಚೆನ್ನಕೇಶವ, ತುರುವೇಕೆರೆಯಲ್ಲಿ ಸೋಮಣ್ಣ ದಂಡನಾಯಕ 1263ರಲ್ಲಿ ಕಟ್ಟಿಸಿದ ಚೆನ್ನಕೇಶವ, ಊರಿನ ಮೂಲೆಯಲ್ಲಿರುವ ಮೂಲೆ ಶಂಕರೇಶ್ವರ, ನಾಗಲಾಪುರದ ಜೋಡಿ ಗುಡಿಗಳು, ಇವೆಲ್ಲ ಹೊಯ್ಸಳರ ಕಾಲದವು. ಕರಾವಳಿಯ ಪಡುವಲಪಾಯಕ್ಕೆ ಎದುರಾಗಿ ಮೂಡಲಪಾಯ ಎನಿಸಿಕೊಂಡ ಬಯಲುಸೀಮೆಯ ಯಕ್ಷಗಾನವೂ, ಗ್ರಾಮದೇವತೆಯ ಜಾತ್ರೆಯಲ್ಲಿ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತವೂ ಈ ಸೀಮೆಯವೇ.

ಹಾಗಲವಾಡಿ ನಾಯಕರ ಹೆಸರು ಹೊತ್ತ ಚಿಕ್ಕನಾಯಕನಹಳ್ಳಿಯ ಕಡೆಗೆ ನೆಲ ಒರಟಾಗುತ್ತದೆ, ಗುಡ್ಡಗಳು ಏಳುತ್ತವೆ. ಊರಿನ ತಾತಯ್ಯನ ಗೋರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಮದುವಣಿಗನೊಬ್ಬನ ದುರಂತದ ಕಥೆಯನ್ನು ಜನ ಮದಲಿಂಗನ ಕಣಿವೆಯಲ್ಲಿ ಇಂದಿಗೂ ಹೇಳುತ್ತಾರೆ. ಅದೇ ಗುಡ್ಡಸಾಲಿನ ಒಡಲಿನಲ್ಲಿ ಕಬ್ಬಿಣದ ಅದಿರಿದ್ದುದರಿಂದ ಗಣಿಗಾರಿಕೆ ಮಿತಿಮೀರಿ, 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು.

‘ಭಾರತೀಯ ಕಾವ್ಯಮೀಮಾಂಸೆ’ ಬರೆದ, ಕನ್ನಡ ವ್ಯಾಕರಣ ಮತ್ತು ಭಾಷಾಶಾಸ್ತ್ರಕ್ಕೆ ದುಡಿದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅಂಥವರ ನೆಲದಲ್ಲಿ ಹೊಂಬಾಳೆ, ಕುರುಂಬೆ, ಎಳನೀರು, ಮಟ್ಟೆ, ಕರಟ, ಗಿಟುಕು ಎಂದು ಕಾಯಿಯ ಒಂದೊಂದು ಹಂತಕ್ಕೂ ಒಂದೊಂದು ಭಾಗಕ್ಕೂ ಇರುವ ಮಾತುಗಳು, ಅವುಗಳೊಡನೆ ಅಟ್ಟದ ಅಳತೆ, ಅದಕ್ಕೆ ಬಳಸಿದ ಮರ, ಕಾಯಿ ಏರಿಸುವ ಕ್ರಮ, ಎಲ್ಲವೂ ಊರೂರಿನಲ್ಲಿ ದಾಖಲಾಗಬೇಕು. ಹಳೆಯ ಹೆಂಚಿನ ಮನೆಗಳು ಉರುಳಿ ಏಳುತ್ತಿರುವ ಕಾಂಕ್ರೀಟ್ ಚಾವಣಿಯಡಿ ಅಟ್ಟಕ್ಕೆ ಎಡೆಯಿಲ್ಲದಿರುವುದರಿಂದ, ಕಾಲೇಜುಗಳ ಕನ್ನಡ ವಿಭಾಗಗಳೂ ಊರಿನ ತರುಣರೂ ಈ ಕೆಲಸವನ್ನು ಬರುವ ಬೇಸಗೆಯಲ್ಲೇ ಕೈಗೆತ್ತಿಕೊಳ್ಳಬೇಕೆಂಬುದು ಈ ಪತ್ರಿಕೆಯ ಕೋರಿಕೆ.