ಮುಗಿಯದ ಮಾತು

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವವರು ಲಿಂಗದಹಳ್ಳಿಯನ್ನು ಹಾದು ಹೋಗುವರೇ ಹೊರತು ಅಲ್ಲಿ ಇಳಿಯುವವರು ಕಡಮೆ. ಮೊನ್ನೆ ಬಸ್ಸು ತಪ್ಪಿದ ಕಾರಣ ನಾನು ಅಲ್ಲಿ ಒಂದು ಗಂಟೆ ಕಾಯಬೇಕಾಯಿತು. ಕಾಫಿಯ ಲೋಟ ಕೈಗೆ ಬಂದಿತ್ತು. ಆಗಲೇ ತರುಣನೊಬ್ಬನು ಎದುರಿಗೆ ನಿಂತು, “ನಮಸ್ಕಾರ ಸಾರ್, ಗುರುತು ಸಿಕ್ಕಿತೇ?” ಎಂದನು.

ಸಿಕ್ಕಿತು, ಮರೆಯುವಂತೆಯೂ ಇರಲಿಲ್ಲ. ಆರು ವರ್ಷಗಳ ಹಿಂದೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಪ್ರಜಾಪ್ರಭುತ್ವವೇ ಶ್ರೇಷ್ಠ’ ಎಂಬ ವಿಷಯಕ್ಕೆ ವಿರೋಧವಾಗಿ ಮಾತನಾಡಲು ಎದ್ದವನು ಇವನೊಬ್ಬನೇ. ಸಭೆ ಗದ್ದಲವೆಬ್ಬಿಸಿತು. ಅಧ್ಯಕ್ಷನಾಗಿದ್ದ ನಾನು ಸಭೆಯನ್ನು ಸುಮ್ಮನಾಗಿಸುವುದನ್ನು ಬಿಟ್ಟು, ಇನ್ನೂ ಎರಡು ನಿಮಿಷ ಉಳಿದಿರುವಾಗಲೇ ಗಂಟೆ ಬಾರಿಸಿ ಅವನನ್ನು ಸುಮ್ಮನಾಗಿಸಿದೆನು. ಪ್ರಜಾಪ್ರಭುತ್ವಕ್ಕೆ ಅಂದು ಬಹುಮಾನ ಬಂದಿತು!

“ಅವತ್ತು ನನ್ನ ಮಾತು ಮುಗಿದಿರಲಿಲ್ಲ ಸಾರ್. ನಮ್ಮಜ್ಜ ಸಾಗುವಳಿ ಚೀಟಿಗೆ ಅರ್ಜಿ ಕೊಟ್ಟು ಕೊಟ್ಟೇ ತೀರಿಕೊಂಡರು. ಅದನ್ನು ಹೇಳಬೇಕೆಂದಿದ್ದೆ.” ಸ್ವಲ್ಪ ತಡೆದು ಮತ್ತೆ ಹೇಳಿದನು: “ಈಗ ನನಗೆ ಈ ಓಟಿನಲ್ಲಿ ನಂಬಿಕೆಯಿಲ್ಲ. ಒಬ್ಬ ಗಟ್ಟಿಗ ಬಂದು ಎಲ್ಲರನ್ನೂ ನೆಟ್ಟಗೆ ಮಾಡಬೇಕು. ಇಲ್ಲದಿದ್ದರೆ ಬಂದೂಕೇ ಸರಿ.”

ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಈ ಎರಡು ಮಾತುಗಳೂ ಹೊಸವಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವರೆಂಬ ಭಯ ಕಾಡಿನ ಜನರನ್ನು ಕಾಡುತ್ತಿದ್ದ ಕಾಲದಲ್ಲಿ ಬಂದೂಕು ಈ ಮಲೆಗಳನ್ನು ಹೊಕ್ಕಿತು. 2005ರ ಫೆಬ್ರವರಿಯಲ್ಲಿ, ಕರ್ನಾಟಕದ ಇತಿಹಾಸವನ್ನೇ ಬರೆದಿದ್ದ ವಿದ್ಯಾವಂತ ಸಾಕೇತ್ ರಾಜನ್ ಇದೇ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಪೊಲೀಸರು ನಕ್ಸಲೀಯರ ದಾಳಿಗೆ ಸಿಕ್ಕಿ ಹತರಾದರು. ಅಕ್ಷರ ಕಲಿಸುವ ಕೊಠಡಿಯಲ್ಲಿ ರಕ್ತ ಹರಿಯಿತು. ಕೊನೆಗೆ 2025ರ ಜನವರಿ 8ರಂದು, ಕಾಡಿನಲ್ಲಿದ್ದ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಇಷ್ಟು ವರ್ಷಗಳಲ್ಲಿ ಬಂದೂಕಿನ ನಳಿಗೆಯಿಂದ ಒಂದೇ ಒಂದು ಹಕ್ಕುಪತ್ರ ಬರೆಯಲ್ಪಟ್ಟುದನ್ನು ನಾನಂತೂ ಕೇಳಿಲ್ಲ.

ಇನ್ನು ‘ಗಟ್ಟಿಗ’ನ ಮಾತು. 1975ರ ತುರ್ತುಪರಿಸ್ಥಿತಿಯಲ್ಲಿ ದೇಶ ಅದರ ರುಚಿಯನ್ನು ಕಂಡಿತು. 1977ರಲ್ಲಿ ರಾಯಬರೇಲಿಯ ಮತದಾರರು ಇಂದಿರಾ ಗಾಂಧಿಯವರನ್ನು ಸೋಲಿಸಿದರು. 1978ರಲ್ಲಿ ಚಿಕ್ಕಮಗಳೂರಿನ ಮತದಾರರೇ ಅವರನ್ನು ಲೋಕಸಭೆಗೆ ಮರಳಿ ಕಳುಹಿಸಿದರು. ಸರಿಯೋ ತಪ್ಪೋ, ಇಳಿಸಿದ್ದೂ ಮತವೇ, ಏರಿಸಿದ್ದೂ ಮತವೇ. ಅದಕ್ಕಾಗಿ ಒಂದು ಗುಂಡೂ ವೆಚ್ಚವಾಗಲಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆನು. ಹೇಳುತ್ತಿರುವಾಗಲೇ ನನ್ನ ಮಾತಿನ ಕುಂದು ನನಗೇ ಕಂಡಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಮೂರು ಎಚ್ಚರಿಕೆಗಳನ್ನು ಕೊಟ್ಟರು: ರಕ್ತದ ದಾರಿಯನ್ನು ತೊರೆಯಿರಿ, ಯಾವ ಮಹಾಪುರುಷನ ಪಾದದಲ್ಲಿಯೂ ನಿಮ್ಮ ಸ್ವಾತಂತ್ರ್ಯವನ್ನು ಇರಿಸಬೇಡಿ, ಬರಿಯ ರಾಜಕೀಯ ಪ್ರಜಾಪ್ರಭುತ್ವದಿಂದ ತೃಪ್ತರಾಗಬೇಡಿ, ಬಾಳಿನಲ್ಲಿಯೂ ಸಮಾನತೆ ಬಾರದಿದ್ದರೆ ಕಟ್ಟಿದ ಮನೆ ಉಳಿಯದು. ಮೊದಲಿನ ಎರಡನ್ನು ನಾವು ತರುಣರಿಗೆ ಬೋಧಿಸುತ್ತೇವೆ. ಮೂರನೆಯದು ನಮಗೇ ಹೇಳಿದ್ದಾದ್ದರಿಂದ ಮರೆತುಬಿಡುತ್ತೇವೆ.

ಉಗ್ರವಾದ ಕಾಡಿನಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯುವುದು ತಪ್ಪು. ಉತ್ತರ ಬಾರದ ಅರ್ಜಿಯಲ್ಲಿ, ಕೇಳಿಸಿಕೊಳ್ಳದ ತರಗತಿಯಲ್ಲಿ, ಮಗ ಬಾಯಿ ತೆರೆದೊಡನೆ ‘ನಿನಗೇನು ಗೊತ್ತು, ಸುಮ್ಮನಿರು’ ಎನ್ನುವ ಊಟದ ಮನೆಯಲ್ಲಿ ಅದರ ಬೀಜ ಬೀಳುತ್ತದೆ. ಮಾತು ಮುಗಿಸಲು ಬಿಡದವರ ಬಾಗಿಲಿನಿಂದ ಹೊರಟವನಿಗೆ, ತನ್ನ ಸಿಟ್ಟನ್ನು ಮೆಚ್ಚುವ ಗುಂಪು ಎಲ್ಲಿಯಾದರೂ ಸಿಕ್ಕಿಯೇ ಸಿಗುತ್ತದೆ.

“ಆ ಎರಡು ನಿಮಿಷ ನನ್ನ ಮೇಲೆ ಸಾಲವಿದೆಯಪ್ಪಾ, ಈಗ ಹೇಳು” ಎಂದೆನು. ಅವನು ಬಸ್ಸು ಬರುವ ತನಕ ಹೇಳಿದನು. ಅರ್ಧಕ್ಕೆ ನನ್ನ ಒಪ್ಪಿಗೆಯಿರಲಿಲ್ಲ; ಉಳಿದರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನ ಮನಸ್ಸು ತಿರುಗಿತೆಂದು ನಾನು ಹೇಳಲಾರೆ. ಹೊರಡುವಾಗ ಮಾತ್ರ, “ಮತ್ತೆ ಈ ಕಡೆ ಬಂದಾಗ ಇಳಿಯಿರಿ ಸಾರ್” ಎಂದನು. ಇಳಿಯಬೇಕು.