ಶಟರ್ ಎಳೆದ ಮೇಲೆ ಅರ್ಧ ಗಂಟೆ

2025ರ ಜುಲೈನಲ್ಲಿ ಒಂದು ದಿನ ಅಪ್ಪ ವಿಜಯನಗರದ ನಮ್ಮ ದಿನಸಿ ಅಂಗಡಿಯ ಕ್ಯೂಆರ್ ಕೋಡ್ ಫಲಕವನ್ನು ತೆಗೆದು ಒಳಗಿಟ್ಟರು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದ ದಿನಗಳವು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತ್ತು. ನಮಗೆ ನೋಟಿಸ್ ಬಂದಿರಲಿಲ್ಲ. ಭಯ ಮಾತ್ರ ಬಂದಿತ್ತು.

‘ನೀನು ಬಿ.ಕಾಂ. ಓದಿದ್ದೀಯಲ್ಲಮ್ಮ, ನಮ್ಮಂಥ ಅಂಗಡಿಗೆ ಜಿಎಸ್‌ಟಿ ಎಲ್ಲಿಂದ ಶುರು ಹೇಳು’ ಎಂದರು ಅಪ್ಪ. ನಾನು ತಡವರಿಸಿದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ನಮ್ಮದೇ ಅಂಗಡಿಯ ಲೆಕ್ಕಕ್ಕೆ ಒಮ್ಮೆಯೂ ಹೊಂದಿಸಿ ನೋಡಿರಲಿಲ್ಲ.

ಆ ರಾತ್ರಿ ಶಟರ್ ಎಳೆದು ಇಬ್ಬರೂ ಕುಳಿತೆವು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಹಾಲು, ತಾಜಾ ತರಕಾರಿಗೆ ತೆರಿಗೆ ಇಲ್ಲ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗೆ ಶೇ 1ರಷ್ಟು ಕಟ್ಟುವ ಕಾಂಪೋಸಿಷನ್ ಪದ್ಧತಿ ಇದೆ. ನಗದಿನಲ್ಲಿ ಬಂದ ಹಣವೂ ವಹಿವಾಟೇ; ಫಲಕ ತೆಗೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ. ಇಷ್ಟನ್ನು ತಿಳಿಯಲು ನಾಲ್ಕು ರಾತ್ರಿ ಸಾಕಾಯಿತು. ಲೆಕ್ಕ ಹಾಕಿದರೆ ನಾವು ಮಿತಿಯ ಹತ್ತಿರವೇ ಇದ್ದೆವು. ನೋಂದಣಿಗೆ ಅರ್ಜಿ ಹಾಕಿದೆವು. ಐದನೇ ದಿನ ಫಲಕ ಮತ್ತೆ ಹೊರಬಂತು.

ಆ ರಾತ್ರಿಗಳಲ್ಲಿ ನಾನೂ ಕಲಿತೆ. ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಯಾವ ಹಬ್ಬಕ್ಕೆ ಎಷ್ಟು ಬೆಲ್ಲ ತರಿಸಬೇಕು ಎಂಬುದು ನನ್ನ ಪಠ್ಯದಲ್ಲಿ ಇರಲಿಲ್ಲ. ಅಪ್ಪನಿಗೆ ಅದೆಲ್ಲ ಬಾಯಿಪಾಠ.

ಆದರೆ ಕಲಿಯಲು ಭಯವೇ ಬರಬೇಕೆ? 1924ರಲ್ಲಿ ಶುರುವಾದ ನಮ್ಮ ಊರಿನ ಎಂಟಿಆರ್ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿ ಬಂದರು. ಅಲ್ಲಿನ ಸ್ವಚ್ಛತೆ ಕಂಡು, ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಕ್ರಮವನ್ನು ಇಲ್ಲಿ ತಂದರು. ಇಪ್ಪತ್ತೇಳು ವರ್ಷ ಹೋಟೆಲು ನಡೆಸಿದ ಮೇಲೂ ಕಲಿಯುವುದು ಬಾಕಿ ಇದೆ ಎಂದು ಅವರಿಗೆ ಅನ್ನಿಸಿತ್ತು.

ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾದಲ್ಲಿ ಕೂರುವವರಿಗೆ ಓದಲು ಸಮಯ ಎಲ್ಲಿದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹಂಪಿನಗರದ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರೇ ಹೆಚ್ಚು. ಅಂಗಡಿಯವರು ಅಲ್ಲಿಗೆ ಬರಲಾರರು. ಹಾಗಾಗಿ ಓದಿದ ನಾವೇ ಅಂಗಡಿಗೆ ಹೋಗಬೇಕು. ವ್ಯಾಪಾರಿ ಮನೆಯ ಮಕ್ಕಳು ದಿನಕ್ಕೆ ಅರ್ಧ ಗಂಟೆ ಅಪ್ಪ ಅಮ್ಮನ ಜೊತೆ ಲೆಕ್ಕದ ಪುಸ್ತಕ ತೆರೆದು ಕೂತರೆ ಎರಡು ತಲೆಮಾರಿಗೂ ಪಾಠವಾಗುತ್ತದೆ.

ಈಗ ಅಪ್ಪನ ಹೊಸ ಪ್ರಶ್ನೆ: ‘ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸ್ತಾರಲ್ಲ, ಅವರ ಮುಂದೆ ನಾವು ನಿಲ್ಲೋದು ಹೇಗೆ?’ ನನಗೂ ಉತ್ತರ ಗೊತ್ತಿಲ್ಲ. ಇವತ್ತು ರಾತ್ರಿ ಶಟರ್ ಎಳೆದ ಮೇಲೆ ಕೂರಬೇಕು.