ಕಾಲನ್ನ ಬೈಯೋ ಮೊದಲು ಹಲ್ಲು ಎಣಿಸಿ

1/4

ಫೋಟೋದಲ್ಲಿರೋದು ಚಾಮುಂಡಿ ಬೆಟ್ಟದ ರಸ್ತೆ, ಭಾನುವಾರ ಬೆಳಗ್ಗೆ ಆರೂಕಾಲು. ತಡೆಗೋಡೆಗೆ ಒರಗಿರೋ ನೀಲಿ ಎಂಟಿಬಿ ನಂದು. ಫೋಟೋ ಚೆನ್ನಾಗಿ ಬರಲಿ ಅಂತ ನಿಲ್ಲಿಸಿದ್ದಲ್ಲ. ಇನ್ನು ಒಂದು ಸುತ್ತೂ ತುಳಿಯೋಕೆ ಆಗದೆ ನಿಲ್ಲಿಸಿದ್ದು.

ಸತತ ಮೂರು ಭಾನುವಾರ ಇದೇ ತಿರುವಿನಲ್ಲಿ ಇಳಿದೆ. ಆರನೇ ಕ್ಲಾಸ್ ಮಕ್ಕಳಿಗೆ ಎಂಟು ತಿಂಗಳು ಟ್ಯೂಷನ್ ಹೇಳಿ ಕೂಡಿಟ್ಟ 14,000 ರೂಪಾಯಿಯ ಸೈಕಲ್ ಅದು. ಫ್ರೇಮ್ ಮೇಲೆ ದಪ್ಪ ಅಕ್ಷರದಲ್ಲಿ "21 ಸ್ಪೀಡ್" ಅಂತ ಸ್ಟಿಕ್ಕರ್. ಜೊತೆಗೆ ಬಂದಿದ್ದ ಸೀನಿಯರ್ ಒಬ್ಬರು ಸಮಾಧಾನ ಮಾಡೋ ಧಾಟಿಯಲ್ಲೇ ಹೇಳಿದ್ರು: "ಹುಡುಗೀರಿಗೆ ಬೆಟ್ಟ ಸ್ವಲ್ಪ ಕಷ್ಟಾನೇ, ಬಿಡು."

ಬೇಜಾರಾಗಿದ್ದು ಅವರು ಹಾಗೆ ಹೇಳಿದ್ದಕ್ಕಲ್ಲ. ನಾನು ಅದನ್ನ ನಂಬಿದ್ದಕ್ಕೆ. ಮನೆಗೆ ಬಂದು ಅಮ್ಮನಿಗೆ "ಸೈಕಲ್ ಮಾರಿಬಿಡ್ತೀನಿ" ಅಂದೆ.

ಮಾರೋ ಮೊದಲು ಒಂದ್ಸಲ ಸರ್ವಿಸ್ ಮಾಡಿಸೋಣ ಅಂತ ನಮ್ಮ ಬೀದಿ ಕೊನೆಯ ರಿಪೇರಿ ಅಂಗಡಿ ಅಂಕಲ್ ಹತ್ತಿರ ಬಿಟ್ಟೆ. ಅವರು ಪೆಡಲ್ ಹತ್ತಿರ ಬಗ್ಗಿ ನೋಡಿ ನಕ್ಕುಬಿಟ್ರು. "ಏನಮ್ಮಾ ಇದು, ಮುಂದಿನ ಸಣ್ಣ ಚಕ್ರಕ್ಕೆ ಚೈನು ಒಂದು ದಿನಾನೂ ಇಳಿದಿಲ್ಲ. ಹಲ್ಲಿನ ಮೇಲಿನ ಬಣ್ಣ ಹೊಸದ್ರ ಹಾಗೇ ಇದೆ ನೋಡು."

ಅಂದ್ರೆ ಬೆಟ್ಟ ಹತ್ತೋಕೆ ಅಂತಲೇ ಇರೋ ಗೇರ್ ನನ್ನ ಸೈಕಲಲ್ಲಿ ಇತ್ತು, ಆದ್ರೆ ಬೀಳ್ತಾನೇ ಇರಲಿಲ್ಲ. ನಾನು ಮೂರು ವಾರ ನನ್ನ ಕಾಲನ್ನ ಬೈದಿದ್ದೆ.

2/4

ಈಗ ಸ್ವಲ್ಪ ಲೆಕ್ಕ. ಬಿಕಾಂ ಹುಡುಗಿ, ಲೆಕ್ಕ ಇಲ್ದೆ ಮಾತಾಡಲ್ಲ 😄

ಪೆಡಲ್ ಹತ್ತಿರದ ಚಕ್ರದ ಹಲ್ಲನ್ನ, ಹಿಂದಿನ ಚಕ್ರದಲ್ಲಿರೋ ಫ್ರೀವೀಲ್ ಹಲ್ಲಿನಿಂದ ಭಾಗಿಸಿ. ಅದೇ ಗೇರ್ ಅನುಪಾತ. ಉತ್ತರ ಸಣ್ಣದಾದಷ್ಟೂ ಬೆಟ್ಟ ಹತ್ತೋಕೆ ಹಗುರ.

ನನ್ನ ಸೈಕಲಲ್ಲಿ ಮುಂದೆ 42, 34, 24 ಹಲ್ಲು. ಹಿಂದೆ ಅತಿ ದೊಡ್ಡದು 28. ಚೈನು ಮಧ್ಯದ ಚಕ್ರದಲ್ಲೇ ಇದ್ದಿದ್ರಿಂದ ನನಗೆ ಸಿಗ್ತಿದ್ದ ಅತಿ ಹಗುರ ಗೇರ್ 34/28, ಅಂದ್ರೆ 1.21. ಪೆಡಲ್ ಒಂದು ಸುತ್ತು ತಿರುಗಿದ್ರೆ ನನ್ನ 27.5 ಇಂಚಿನ ಚಕ್ರ ಸುಮಾರು 2.6 ಮೀಟರ್ ಮುಂದೆ ಹೋಗುತ್ತೆ. ಸಣ್ಣ ಚಕ್ರಕ್ಕೆ ಇಳಿದ್ರೆ 24/28, ಅಂದ್ರೆ 0.86. ಒಂದು ಸುತ್ತಿಗೆ ಸುಮಾರು 1.8 ಮೀಟರ್.

ಕಡಿದಾದ ಏರಿನಲ್ಲಿ ನನ್ನ ವೇಗ ಗಂಟೆಗೆ 6 ಕಿಲೋಮೀಟರ್ ಅಷ್ಟೇ. ಅಂದ್ರೆ ನಿಮಿಷಕ್ಕೆ 100 ಮೀಟರ್. ಹಳೆ ಗೇರಲ್ಲಿ ಅದಕ್ಕೆ ನಿಮಿಷಕ್ಕೆ 38 ಸುತ್ತು. ನಿಧಾನವಾಗಿ, ಪ್ರತಿ ಸುತ್ತನ್ನೂ ಇಡೀ ಮೈಭಾರ ಹಾಕಿ ಒತ್ತಬೇಕು. ಆ ಒತ್ತಡ ಮೊದಲು ಬೀಳೋದು ಮಂಡಿ ಮೇಲೆ. ಸಣ್ಣ ಚಕ್ರದಲ್ಲಿ ಅದೇ ವೇಗಕ್ಕೆ 54 ಸುತ್ತು. ಕಾಲು ತಿರುಗುತ್ತೆ, ಉಸಿರು ಓಡುತ್ತೆ, ಆದ್ರೆ ಮಂಡಿ ಬೈಯಲ್ಲ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಹಗುರ ಗೇರ್ ಹಾಕಿದ್ರೆ ಕೆಲಸ ಕಡಿಮೆ ಆಗಲ್ಲ. ಮೈಸೂರಿಂದ ಬೆಟ್ಟದ ತುದಿಗೆ ಹತ್ತಿರ ಹತ್ತಿರ 300 ಮೀಟರ್ ಏರಬೇಕು. ಯಾವ ಗೇರ್ ಹಾಕಿದ್ರೂ ಅಷ್ಟೇ ಏರಬೇಕು. ಬೆಟ್ಟ ಡಿಸ್ಕೌಂಟ್ ಕೊಡಲ್ಲ, ಇಎಂಐ ಕೊಡುತ್ತೆ. ಅಸಲು ಅಷ್ಟೇ, ಕಂತು ಚಿಕ್ಕದು. ಕಂತಿನಲ್ಲಿ ಸ್ಕೂಟಿ ತಗೊಂಡವರನ್ನ ನಾವು ಯಾರೂ ಮೋಸಗಾರ ಅನ್ನಲ್ಲ, ಅಲ್ವಾ?

3/4

ಹಾಗಾದ್ರೆ ಏನು ಬದಲಾಯಿಸ್ಬೇಕು? ಖರ್ಚು ಕಡಿಮೆ ಇರೋದ್ರಿಂದ ಶುರು ಮಾಡ್ತೀನಿ. ಇದನ್ನ ಸೇವ್ ಮಾಡ್ಕೊಳ್ಳಿ.

ಮೊದಲನೆಯದು, ಇರೋ ಗೇರ್ ಎಲ್ಲಾ ಬೀಳುತ್ತಾ ನೋಡಿ. ಅಂಕಲ್ ಮುಂದಿನ ಡಿರೇಲರ್‌ನ ಸ್ಕ್ರೂ ಸ್ವಲ್ಪ ತಿರುಗಿಸಿ, ಕೇಬಲ್ ಸರಿ ಮಾಡಿ ತಗೊಂಡಿದ್ದು 50 ರೂಪಾಯಿ. ಮುಂದಿನ ಭಾನುವಾರ ಆ ತಿರುವು ದಾಟಿದೆ. ತುದಿವರೆಗೆ ಹೋಗೋದ್ರಲ್ಲಿ ಎರಡು ಸಲ ಇಳಿದೆ, ಆದ್ರೂ ದಾಟಿದೆ.

ಎರಡನೆಯದು, ಹಿಂದಿನ ಫ್ರೀವೀಲ್. 14-28 ತೆಗೆಸಿ 14-34 ಹಾಕಿಸಿದೆ. ಈಗ ನನ್ನ ಅತಿ ಹಗುರ ಗೇರ್ 24/34, ಅಂದ್ರೆ 0.71. ಅದೇ 6 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 66 ಸುತ್ತು. ಫ್ರೀವೀಲ್ 850, ಹೊಸ ಚೈನ್ 400, ಕೂಲಿ 200. ಒಟ್ಟು 1,450 ರೂಪಾಯಿ. ಸೈಕಲ್ ಬೆಲೆಯ ಹತ್ತನೇ ಒಂದು ಭಾಗ.

ಅಂಗಡಿಗೆ ಹೋದಾಗ ಇಷ್ಟು ಕೇಳಿ. ನಿಮ್ಮದು ಮರೆ ಸುತ್ತಿ ಕೂರಿಸೋ ಫ್ರೀವೀಲಾ, ಕ್ಯಾಸೆಟ್ಟಾ? ಎರಡೂ ಒಂದರ ಜಾಗದಲ್ಲಿ ಒಂದು ಕೂರಲ್ಲ. ಹಿಂದೆ ಏಳು ಗೇರ್ ಇದ್ರೆ ಏಳರದ್ದೇ ತಗೊಳ್ಳಿ, ಇಲ್ಲಾಂದ್ರೆ ಶಿಫ್ಟರ್‌ಗೆ ಹೊಂದಲ್ಲ. ನಿಮ್ಮ ಡಿರೇಲರ್ 34 ಹಲ್ಲಿನವರೆಗೆ ತಡಿಯುತ್ತಾ? ಹಳೆ ಚೈನಿನ ಉದ್ದ ಸಾಲುತ್ತಾ? ಚೈನ್ ಗಿಡ್ಡ ಇದ್ದು, ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದ್ರೆ ಡಿರೇಲರ್ ಕಿತ್ತು ಬರಬಹುದು. ಆಗ 1,450ರ ಕೆಲಸ ಎಲ್ಲಿಗೋ ಹೋಗುತ್ತೆ.

ಒಂದು ತೊಂದರೆನೂ ಇದೆ, ಮುಚ್ಚಿಡಲ್ಲ. ಈ 14-34ರಲ್ಲಿ 24 ಹಲ್ಲಾದ ಮೇಲೆ ನೇರ 34ಕ್ಕೆ ನೆಗೆತ, ಮಧ್ಯೆ ಏನೂ ಇಲ್ಲ. ಹಾಗಾಗಿ ಏರು ಶುರುವಾಗೋ ಮೊದಲೇ ಬದಲಾಯಿಸಿ. ಪೂರ್ತಿ ಭಾರ ಹಾಕಿ ತುಳೀತಿರುವಾಗ ಬದಲಾಯಿಸಿದ್ರೆ ಚೈನ್ ಕಿರುಚುತ್ತೆ.

ಮೂರನೆಯದು, ಮುಂದೆ ಒಂದೇ ಚಕ್ರ ಇರೋ ಸೈಕಲ್. ಅದರ ಬೋಲ್ಟ್ ಬಿಚ್ಚೋ ಹಾಗಿದ್ರೆ 34ರ ಬದಲು 30 ಅಥವಾ 32 ಹಲ್ಲಿನದು ಹಾಕಿಸಬಹುದು. ಕಡಿಮೆ ಬೆಲೆಯ ಎಷ್ಟೋ ಸೈಕಲಲ್ಲಿ ಅದನ್ನ ರಿವಿಟ್ ಹೊಡೆದು ಕೂರಿಸಿರ್ತಾರೆ, ಆಗ ಕ್ರ್ಯಾಂಕ್ ಪೂರ್ತಿ ಬದಲಾಯಿಸ್ಬೇಕು. ಸಪಾಟು ರಸ್ತೆಯಲ್ಲಿ ಗರಿಷ್ಠ ವೇಗ ಸ್ವಲ್ಪ ಕಮ್ಮಿ ಆಗುತ್ತೆ. ನೀವು ದಿನಾ ಓಡಿಸೋದು ಬರೀ ಸಪಾಟು ರಸ್ತೆಯಲ್ಲಾದ್ರೆ ಏನೂ ಬದಲಾಯಿಸ್ಬೇಡಿ. ದುಡ್ಡು ಉಳಿಸಿ.

4/4

ಕೊನೆಗೆ, ಇಷ್ಟೆಲ್ಲಾ ಬರೆದಿದ್ದು ಯಾಕೆ ಅಂತ ಹೇಳ್ತೀನಿ.

ನಮ್ಮ ಹುಡುಗರ ಗುಂಪಲ್ಲಿ ಸಣ್ಣ ಚಕ್ರಕ್ಕೆ "ಅಜ್ಜಿ ಗೇರ್" ಅಂತಾರೆ. ಅದನ್ನ ಹಾಕಿದ್ರೆ ನಗ್ತಾರೆ. "ಕಷ್ಟದ ಗೇರಲ್ಲೇ ತುಳಿ, ಕಾಲು ಗಟ್ಟಿಯಾಗುತ್ತೆ" ಅಂತ ಉಪದೇಶ ಬೇರೆ. ಈ ಜಂಬ ಹೊಸದೇನಲ್ಲ. ಟೂರ್ ಡಿ ಫ್ರಾನ್ಸ್ ಶುರುವಾಗಿದ್ದು 1903ರಲ್ಲಿ. ಅಲ್ಲಿ ಸ್ಪರ್ಧಿಗಳಿಗೆ ಡಿರೇಲರ್ ಬಳಸೋಕೆ ಬಿಟ್ಟಿದ್ದು 1937ರಲ್ಲಿ. ಅಲ್ಲಿವರೆಗೆ ಗೇರ್ ಬದಲಾಯಿಸೋಕೆ ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕ್ತಿದ್ರು. ಇವತ್ತು ಅದೇ ಸ್ಪರ್ಧೆಯಲ್ಲಿ ಡಿರೇಲರ್ ಇಲ್ಲದ ಸೈಕಲ್ ಹುಡುಕಿದ್ರೂ ಸಿಗಲ್ಲ. ಯಾರ ಕಾಲೂ ಸೊರಗಿಲ್ಲ.

ಇನ್ನೊಂದು ವಿಷಯ ನೋಡಿ. ಶಿಮಾನೋದ 12 ಸ್ಪೀಡ್ ಎಂಟಿಬಿ ಕ್ಯಾಸೆಟ್‌ನಲ್ಲಿ ದೊಡ್ಡ ಚಕ್ರಕ್ಕೆ 51 ಹಲ್ಲು. ಮುಂದೆ 32 ಇದ್ರೆ ಅನುಪಾತ 0.63. ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋ, ಕಾಲು ಕಬ್ಬಿಣದ ಹಾಗಿರೋ ಸವಾರರಿಗೆ ಸಿಗೋದು ಅತಿ ಹಗುರ ಗೇರ್. ಟ್ಯೂಷನ್ ದುಡ್ಡಲ್ಲಿ ಮೊದಲ ಸೈಕಲ್ ತಗೊಳ್ಳೋರಿಗೆ ಸಿಗೋದು ಭಾರದ ಗೇರ್ ಮತ್ತು "21 ಸ್ಪೀಡ್" ಸ್ಟಿಕ್ಕರ್. ಎಷ್ಟು ಗೇರ್ ಇದೆ ಅನ್ನೋದು ಮುಖ್ಯ ಅಲ್ಲ, ಅತಿ ಹಗುರದ್ದು ಎಷ್ಟು ಹಗುರ ಅನ್ನೋದು ಮುಖ್ಯ. ಮಾರೋರು ಆ ಒಂದು ಸಂಖ್ಯೆ ಬೆಲೆ ಚೀಟಿ ಮೇಲೆ ಬರೆದ್ರೆ ಸಾಕು, ಎಷ್ಟೋ ಸೈಕಲ್ ಮನೆ ಹಿಂದೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗೋದು ತಪ್ಪುತ್ತೆ.

ಕಾಲು ಗಟ್ಟಿಯಾಗೋದು ಕಷ್ಟದ ಗೇರಿಂದ ಅಲ್ಲ, ಮುಂದಿನ ಭಾನುವಾರ ಮತ್ತೆ ಬರೋದ್ರಿಂದ. ಮತ್ತೆ ಬರೋ ಹಾಗೆ ಮಾಡೋ ಗೇರೇ ಒಳ್ಳೆ ಗೇರ್.

ಹೋದ ಭಾನುವಾರ ಒಂದು ಸಲಾನೂ ಕಾಲು ಕೆಳಗಿಡದೆ ತುದಿ ಮುಟ್ಟಿದೆ. ಐವತ್ತು ನಿಮಿಷ ಆಯ್ತು. ವಾಕಿಂಗ್ ಬಂದಿದ್ದ ತಾತ ಒಬ್ಬರು ಒಂದು ತಿರುವಿನುದ್ದಕ್ಕೂ ನನ್ನ ಪಕ್ಕದಲ್ಲೇ ನಡ್ಕೊಂಡು ಬಂದ್ರು, ಅಷ್ಟು ನಿಧಾನ! "ಇಳೀಬೇಡ ಮಗಳೇ, ಬಂತು" ಅಂದ್ರು. ಇಳೀಲಿಲ್ಲ. ಸೈಕಲ್ ಮಾರೋದೂ ಇಲ್ಲ.

ಈಗ ನಿಮ್ಮ ಸರದಿ. ಇವತ್ತು ಸಂಜೆ ಸೈಕಲ್ ಮಗುಚಿ ಹಾಕಿ, ಮುಂದಿನ ಅತಿ ಸಣ್ಣ ಚಕ್ರದ ಹಲ್ಲು, ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಎರಡೂ ಸಂಖ್ಯೆ ಕಾಮೆಂಟಲ್ಲಿ ಹಾಕಿ, ಲೆಕ್ಕ ನಾನು ಮಾಡ್ಕೊಡ್ತೀನಿ. "ನನ್ನ ಕೈಲಿ ಆಗಲ್ಲ" ಅಂತ ಸೈಕಲ್ ಮೂಲೆಗಿಟ್ಟಿರೋ ಫ್ರೆಂಡ್ ಇದ್ರೆ ಅವರನ್ನೂ ಟ್ಯಾಗ್ ಮಾಡಿ.

#ಸೈಕಲ್ #ಎಂಟಿಬಿ #ಚಾಮುಂಡಿಬೆಟ್ಟ #ಮೈಸೂರು #ಅಜ್ಜಿಗೇರ್